ಓತಿಕ್ಯಾತ ಯಾಕೆ ತಲೆಯಾಡಿಸುತ್ತಾನೆ

ಭೂಮಿ ಆಗ ಹೊಸದು. ಬೆಟ್ಟಗಳು ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿಯ ಹಾಗೆ ಇನ್ನೂ ಬಿಸಿಬಿಸಿಯಾಗಿದ್ದವು.

ಓತಿಕ್ಯಾತನಿಗೆ ಆಗ ಮಾತು ಬರುತ್ತಿತ್ತು. ಮಾತೆಂದರೆ ಎಂಥದ್ದು, ಊರಗಲ ಬಾಯಿ! ದಿನವಿಡೀ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಹೋಗಿಬರುವವರನ್ನೆಲ್ಲ ಆಡಿಕೊಳ್ಳುವುದೇ ಅವನ ಕೆಲಸ.

ಜನರ ಹತ್ತಿರ ಬೀಸುವ ಕಲ್ಲು ಇರಲಿಲ್ಲ. ರಾಗಿಯನ್ನು ಹಾಗೇ ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದರು. ಒಂದು ತುತ್ತು ನುಂಗುವಷ್ಟರಲ್ಲಿ ಮಧ್ಯಾಹ್ನ.

"ದವಡೆ ಬಿದ್ದುಹೋಗ್ತಿದೆ," ಎಂದಳು ಚೌಡಕ್ಕ, ಗಂಡ ಬೈಲಪ್ಪನಿಗೆ. "ಆ ಬೆಟ್ಟವೂ ಸುಮ್ಮನೆ ಬಿದ್ದಿದೆ, ನೀವೂ ಸುಮ್ಮನೆ ಬಿದ್ದಿದ್ದೀರಿ. ಇಬ್ಬರೂ ಸೇರಿ ನನಗೊಂದು ಬೀಸುವ ಕಲ್ಲು ಮಾಡಿಕೊಡಬಾರದಾ?"

ಬೈಲಪ್ಪ ಸುತ್ತಿಗೆ, ಉಳಿ ಹಿಡಿದು ಹೊರಟ. "ಬೆಟ್ಟದಪ್ಪಾ, ಒಂದು ತುಂಡು ಕಲ್ಲು ಕೊಡ್ತೀಯಾ?"

"ತಗೊಳ್ಳಪ್ಪ," ಎಂದಿತು ಬೆಟ್ಟ. "ಆದರೆ ನನ್ನ ಮೈತುಂಬ ಮನೆಗಳಿವೆ. ಹೊಡೆಯುವ ಮುಂಚೆ ಮೆಲ್ಲಗೆ ತಟ್ಟಿ ಕೇಳು. ಯಾರಾದರೂ ಇದ್ದರೆ ಆ ಜಾಗ ಮುಟ್ಟಬೇಡ. ಹೇಗೂ ಓತಿಕ್ಯಾತ ಇಲ್ಲೇ ಬಿದ್ದಿರುತ್ತಾನೆ, ನೋಡಿ ಹೇಳುತ್ತಾನೆ."

ಬೈಲಪ್ಪ ತಟ್ಟಿದ. ಟಣ್ ಟಣ್ ಟಣ್. "ಒಳಗೆ ಯಾರಾದರೂ ಇದ್ದೀರಾ?"

ಓತಿಕ್ಯಾತ ಓಡಿಹೋಗಿ ಇಣುಕಿದ. "ಇದ್ದಾರೆ! ಜೇನುಹುಳಗಳು!"

ಬೈಲಪ್ಪ ಪಕ್ಕಕ್ಕೆ ಸರಿದ. ಟಣ್ ಟಣ್ ಟಣ್. "ಇಲ್ಲಿ ಯಾರಾದರೂ ಇದ್ದೀರಾ?"

"ಇದ್ದಾರೆ! ಬುಡದ ಗುಂಡಿ ನೀರಲ್ಲಿ ಕಪ್ಪೆ ಸಂಸಾರ!"

ಬೈಲಪ್ಪ ಇನ್ನೂ ಮೇಲೆ ಹತ್ತಿದ. ಟಣ್ ಟಣ್ ಟಣ್. "ಇಲ್ಲಿ?"

ಓತಿಕ್ಯಾತನ ಮುಂದೆ ದಪ್ಪನೆಯ ಇರುವೆಯೊಂದು ಹೋಗುತ್ತಿತ್ತು. ಅದರ ಹಿಂದೆ ಓಡುತ್ತಾ, ಇಣುಕಿಯೂ ನೋಡದೆ ಕೂಗಿಬಿಟ್ಟ. "ಇಲ್ಲ, ಇಲ್ಲ, ಹೊಡಿ!"

ಸುತ್ತಿಗೆಯ ಸದ್ದಿಗೆ ಕಿವಿ ಕಿವುಡಾಗದಿರಲಿ ಎಂದು ಬೈಲಪ್ಪ ಟವೆಲನ್ನು ಕಿವಿ ಮುಚ್ಚುವಂತೆ ಬಿಗಿಯಾಗಿ ಸುತ್ತಿಕೊಂಡ. ಬಂಡೆಯ ಬಿರುಕಿಗೆ ಉಳಿ ಇಟ್ಟ. ಮೊದಲ ಏಟು ಬಿತ್ತು. ಬಂಡೆ ಚಿಟ್ ಎಂದಿತು.

ಆ ಬಿರುಕಿನೊಳಗಿಂದ ಗಾಳಿ ಗಾಬರಿಯಾಗಿ ಹೊರಗೆ ಬಂತು. "ಲೋ ಬಾಯಿಬಡುಕ! ಒಳಗೆ ಗೂಬೆ ಮರಿಗಳಿವೆ ಕಣೋ! ಇನ್ನೂ ಕಣ್ಣು ಬಿಟ್ಟಿಲ್ಲ. ಅವರಮ್ಮ ಇಲಿ ತರಲು ಹೋಗಿದ್ದಾಳೆ!"

ಓತಿಕ್ಯಾತನ ಬಾಯಿಂದ ಇರುವೆ ಬಿದ್ದುಹೋಯಿತು. "ನಿಲ್ಲಿಸು! ನಿಲ್ಲಿಸು!" ಎಂದು ಕೂಗಿದ. ಟವೆಲು ಸುತ್ತಿದ ಕಿವಿಗೆ ಅದೆಲ್ಲಿ ಕೇಳಬೇಕು? ಎರಡನೇ ಏಟು ಬಿತ್ತು. ಬಿರುಕು ಅಗಲವಾಯಿತು. ಓತಿಕ್ಯಾತ ಕೂಗಿದ, ಕೂಗಿದ, ಕತ್ತು ಕೆಂಪಗಾಗುವ ತನಕ ಕೂಗಿದ. ಕೊನೆಗೆ ದನಿಯೇ ಹೊರಡಲಿಲ್ಲ.

ಸುತ್ತಿಗೆ ಮತ್ತೆ ಮೇಲೆದ್ದಿತು. ಓತಿಕ್ಯಾತ ಒಂದೇ ನೆಗೆತಕ್ಕೆ ಉಳಿಯ ಪಕ್ಕ ಬಂದು ಕೂತ. ಬೈಲಪ್ಪನ ಮುಖವನ್ನೇ ನೋಡುತ್ತಾ ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿದ. ಇದ್ದಾರೆ. ಇದ್ದಾರೆ. ಇದ್ದಾರೆ.

ಸುತ್ತಿಗೆ ಗಾಳಿಯಲ್ಲೇ ನಿಂತಿತು.

ಬೈಲಪ್ಪ ಟವೆಲು ಬಿಚ್ಚಿ ಬಿರುಕಿಗೆ ಕಿವಿ ಇಟ್ಟ. ಒಳಗೆ ಸಣ್ಣಗೆ 'ಸ್ಸ್' ಎಂಬ ಸದ್ದು. ಇಣುಕಿದರೆ, ಹತ್ತಿಯ ಉಂಡೆಗಳ ಹಾಗೆ ಬೆಳ್ಳಗಿನ ಮರಿಗಳು. ಒಂದಕ್ಕೂ ಏನೂ ಆಗಿರಲಿಲ್ಲ.

"ಸದ್ಯ!" ಎಂದು ಬೈಲಪ್ಪ ಸುತ್ತಿಗೆ ಕೆಳಗಿಟ್ಟ. "ಸದ್ಯ!" ಎಂದಿತು ಗಾಳಿ. ಬೆಟ್ಟ ಬಿಟ್ಟ ನಿಟ್ಟುಸಿರಿಗೆ ಗುಂಡಿಯ ಕಪ್ಪೆಗಳೆಲ್ಲ ದಡಕ್ಕೆ ಬಿದ್ದವು.

ಅಷ್ಟರಲ್ಲಿ ತಾಯಿಗೂಬೆ ಬಂದಳು. ವಿಷಯ ಕೇಳಿ ಓತಿಕ್ಯಾತನ ಕಡೆ ತಿರುಗಿ, "ನಿನ್ನ ಬಾಯಿ ಬಿದ್ದುಹೋಗ!" ಎಂದಳು.

ಅದಾಗಲೇ ಬಿದ್ದುಹೋಗಿತ್ತು.

ಬೈಲಪ್ಪ ಬೆಟ್ಟದ ಇನ್ನೊಂದು ಮಗ್ಗುಲಿಗೆ ಹೋಗಿ ತಟ್ಟಿದ. ಓತಿಕ್ಯಾತ ಈ ಸಲ ಸಂದಿಸಂದಿಯನ್ನೂ ಇಣುಕಿ ನೋಡಿ, ತಲೆಯಾಡಿಸದೆ ಸುಮ್ಮನೆ ಕೂತ. ಅಲ್ಲಿಂದಲೇ ಚೌಡಕ್ಕನಿಗೆ ಬೀಸುವ ಕಲ್ಲು ಬಂತು. ಅಂದು ಸಂಜೆ ಮೊದಲ ಸಲ ರಾಗಿ ಹಿಟ್ಟಾಯಿತು, ಹಿಟ್ಟು ಮುದ್ದೆಯಾಯಿತು, ಮುದ್ದೆ ಅಗಿಯದೆಯೇ ಗಂಟಲಲ್ಲಿ ಇಳಿಯಿತು. ಗೂಬೆಯ ಮನೆ ಹಾಗೇ ಉಳಿಯಿತು.

ಅದಕ್ಕೇ ಕಂದಾ, ಇವತ್ತಿಗೂ ಕಲ್ಲುಕ್ವಾರಿಯ ಬಂಡೆಯ ಮೇಲೆ ಓತಿಕ್ಯಾತ ಕತ್ತು ಕೆಂಪಗೆ ಮಾಡಿಕೊಂಡು ತಲೆಯಾಡಿಸುತ್ತಾನೆ. ಅವನು ನಿನ್ನನ್ನು ಅಣಕಿಸುತ್ತಿಲ್ಲ, ಒಳಗೆ ಯಾರೋ ಇದ್ದಾರೆ ಅನ್ನುತ್ತಿದ್ದಾನೆ, ಆ ಕೈಯಲ್ಲಿರುವ ಕಲ್ಲು ಕೆಳಗಿಡು.