ಹಳ್ಳದ ಕಪ್ಪೆಗಳ ಪಾಳಿ

ಕಪ್ಪೆಗಳ ಭಾಷೆ ಈ ಸೀಮೆಯಲ್ಲಿ ನನಗೊಬ್ಬನಿಗೇ ಬರುತ್ತಿತ್ತು. ಬೇಕಾದರೆ ತೀರಿಹೋದ ನಮ್ಮಜ್ಜಿಯನ್ನು ಕೇಳಿ.

ಹಳ್ಳದ ದಡದಲ್ಲಿ ಇಲಿಯೊಂದು ಮರಿ ಹಾಕಿತ್ತು. ಅದು ಹಳ್ಳದುದ್ದಕ್ಕೂ ಇದ್ದ ಕಪ್ಪೆಗಳಿಗೆ, "ಅಣ್ಣಂದಿರಾ, ಮೇಲಿನಿಂದ ನೀರು ಬಂದರೆ ಒಬ್ಬರಾದ ಮೇಲೆ ಒಬ್ಬರು ಕೂಗಿ ನನಗೆ ಸುದ್ದಿ ಮುಟ್ಟಿಸಿ. ನಿಮ್ಮ ಪಾಳಿ ಬರುವವರೆಗೆ ಹಾಯಾಗಿ ಮಲಗಿರಿ" ಎಂದಿತು.

ನೀರು ಬಂತು. ಹೆಸರು ತನಗೇ ಬರಲೆಂದು ಎಲ್ಲವೂ ಒಟ್ಟಿಗೆ ವಟಗುಟ್ಟಿದವು.

"ಒಬ್ಬರು ಹೇಳಿ! ಏನಾಯಿತು?" ಎಂದು ಇಲಿ ಅಂಗಲಾಚಿತು. ಯಾರೂ ಬಾಯಿ ಮುಚ್ಚಲಿಲ್ಲ. ಮರಿಗಳು ಕೊಚ್ಚಿಹೋದವು.

ಆಮೇಲೆ ಕಪ್ಪೆಗಳು ಒಂದೊಂದಾಗಿ ಬಂದು, "ಮೊದಲು ಕೂಗಿದವನು ನಾನೇ, ಅಕ್ಕಾ" ಎಂದವು.

"ಅಲ್ಲ ಮಾವಾ, ಆ ಗದ್ದಲ ನಿಮಗೆ ಮಾತ್ರ ಹೇಗೆ ತಿಳಿಯಿತು?" ಎಂದಳು ಕತೆ ಕೇಳುತ್ತಿದ್ದ ಪಕ್ಕದ ಮನೆಯ ಹೊನ್ನೂರಮ್ಮ.

"ಎಲ್ಲಿ ತಿಳಿಯಿತು ತಾಯಿ," ಎಂದು ಭುಜ ಕುಣಿಸಿದೆ. "ತಿಳಿದಿದ್ದರೆ ಮರಿಗಳನ್ನು ನಾನೇ ಎತ್ತಿಡುತ್ತಿದ್ದೆ."