ಹೊನ್ನಗಂಗ ಒಲೆ ಕಲಿತದ್ದು

ಬುದ್ಧಿ ಹಂಚುವ ದಿನ ಹೊನ್ನಗಂಗ ಎಲ್ಲಿ ಮಲಗಿದ್ದನೋ ನನಗೆ ಗೊತ್ತಿಲ್ಲ. ಹೇಳಿದ ಮಾತು ಕೇಳುವ ಗುಣ ಹಂಚುವ ದಿನ ಮಾತ್ರ ಎರಡೆರಡು ಸಲ ಸಾಲಿಗೆ ನಿಂತು ಇಸಕೊಂಡು ಬಂದಿದ್ದ. ಮೀಸೆ ಬಂದ ಆಳು, ಎತ್ತಿನಂಥ ಮೈ. ಅವನ ಅವ್ವ ಚಿಕ್ಕತಾಯಮ್ಮನಿಗೆ ಅವನದೇ ಚಿಂತೆ.

ಈಗ ಇನ್ನೊಂದು ಚಿಂತೆ ಸೇರಿತ್ತು. ಅರಸೀಕೆರೆಗೆ ಕೊಟ್ಟ ಮಗಳು ಭಾಗ್ಯಳಿಗೆ ತುಂಬಿದ ತಿಂಗಳು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ. "ಅವ್ವಾ, ಬಾಣಂತನಕ್ಕೆ ಬತ್ತೀಯಲ್ವಾ?" ಅಂತ ದಿನಾ ಫೋನು. ಹೋಗದೆ ಇರಲಾದೀತೇ? ಆದರೆ ಈ ಮಗನನ್ನೂ ಗ್ಯಾಸ್ ಒಲೆಯನ್ನೂ ಒಂದೇ ಮನೆಯಲ್ಲಿ ಬಿಟ್ಟು ಹೋಗುವುದು ಹೇಗೆ?

"ಇವ್ನು ಒಲೆ ಕಲಿಯೋ ಗಂಟ ನಾನು ಹೊಸ್ಲು ದಾಟಂಗಿಲ್ಲ" ಎಂದು ಅವ್ವ ಪಾಠ ಶುರು ಮಾಡಿದಳು.

"ಒಲೆ ಹಚ್ಚಿದ್ಮೇಲೆ ಅದ್ರ ಮುಂದಿಂದ ಅಲ್ಲಾಡಬ್ಯಾಡ! ತಿಳೀತಾ?"

"ತಿಳೀತು ಕಣವ್ವ!"

ಹುರುಳಿಕಾಳು ಬೇಯಲಿಟ್ಟು ಅವಳು ನಲ್ಲಿ ನೀರಿಗೆ ಹೋದಳು. ಬಂದು ನೋಡಿದರೆ ಮನೆ ತುಂಬ ಹೊಗೆ! ಕಾಳೆಲ್ಲ ಇದ್ದಿಲು! ಹೊನ್ನಗಂಗ ಒಲೆ ಮುಂದೆ ಕಂಬದ ಹಾಗೆ ನಿಂತಿದ್ದಾನೆ, ಕಣ್ಣಲ್ಲಿ ದಳದಳ ನೀರು.

"ಒಲೆ ಆರಿಸೋಕೇನ್ಲಾ ಬಂದಿತ್ತು ನಿಂಗೆ?"

"ಆರಿಸೋಕೋದ್ರೆ ಕೈ ಅಲ್ಲಾಡ್ತಿತ್ತಲ್ಲವ್ವ!"

"ಅಯ್ಯೋ ನನ್ನ ಹಣೇಬರವೇ! ಸೀಯೋಕೆ ಮುಂಚೆ, ಉಕ್ಕೋಕೆ ಮುಂಚೆ ಆರಿಸ್ಬೇಕು ಕಣ್ಲಾ! ಹತ್ತು ಜನ ಅಡ್ಡ ಇದ್ರೂ ನುಗ್ಗಿ ಆರಿಸು!"

"ತಿಳೀತು ಕಣವ್ವ!"

ಮಾರನೆಯ ದಿನ ಎದುರುಮನೆ ಪೋಸ್ಟ್‌ಮಾಸ್ಟರ್ ಪುಟ್ಟಶಾಮಯ್ಯನವರ ಗೃಹಪ್ರವೇಶ. ಹೊಸ ಒಲೆ, ಹೊಸ ಪಾತ್ರೆ, ಹಾಲು ಉಕ್ಕಿಸುವ ಶಾಸ್ತ್ರ. ಮುತ್ತೈದೆಯರೆಲ್ಲ ಸುತ್ತ ನಿಂತು ಬಗ್ಗಿ ನೋಡುತ್ತಿದ್ದಾರೆ. ಹಾಲು ಏರಿತು, ಏರಿತು, ಇನ್ನೇನು ಉಕ್ಕಬೇಕು, ಹತ್ತು ಜನರನ್ನು ತಳ್ಳಿ ನುಗ್ಗಿದ ನಮ್ಮ ಹೊನ್ನಗಂಗ ಒಲೆ ಪಟ್ಟನೆ ಆರಿಸಿಬಿಟ್ಟ! ಹಾಲು ಬುಸ್ಸನೆ ಇಳಿದುಹೋಯಿತು. ಪುಟ್ಟಶಾಮಯ್ಯನವರ ಮುಖವೂ ಇಳಿದುಹೋಯಿತು.

"ಯಾರ ಮಗ ಇವ್ನು?" ಪುರೋಹಿತರು ಗುಡುಗಿದರು. ಚಿಕ್ಕತಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲಿನ ಬಾಗಿಲಿಂದ ಜಾರಿಕೊಂಡಳು. ನಾಚಿಕೆಯಿಂದ ಸತ್ತೇಹೋದಳು, ಪಾಪ.

ಮನೆಗೆ ಬಂದು ಬೈದದ್ದೇ ಬೈದದ್ದು. "ಹಾಲು ಉಕ್ಕಿದ್ರೆ ಶುಭ ಕಣೋ! ಉಕ್ಕುವಾಗ ಕೈಮುಗಿದು ನಿಂತ್ಕೋಬೇಕು!"

"ತಿಳೀತು ಕಣವ್ವ!"

ಸಂಜೆ ಕಾಫಿಗೆ ಹಾಲಿಟ್ಟ. ಉಕ್ಕಿತು. ಕೈಮುಗಿದ. ಹಾಲು ಸುರಿದು ಬೆಂಕಿ ನಂದಿತು. ಮುಗಿದ ಕೈ ಬಿಡಲಿಲ್ಲ. ಗ್ಯಾಸು ಸುಂಯ್ ಎಂದು ಹರಿಯಿತು, ಘಾಟು ಮೂಗಿಗೆ ಬಡಿಯಿತು. ಹೊನ್ನಗಂಗ "ಶುಭ, ಶುಭ" ಎನ್ನುತ್ತಲೇ ಇದ್ದ! ದೇವರಿಗೆ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಹಿಡಿದುಬಂದ ಅವ್ವ ಅದನ್ನು ಅಂಗಳಕ್ಕೆಸೆದು ಒಳಗೆ ಹಾರಿದಳು. ಒಲೆಯ ಕಿವಿ ಹಿಂಡಿ, ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆಗೆದು, ಮಗನನ್ನು ಹೊರಗೆಳೆದುಕೊಂಡು ಕುಸಿದು ಕೂತಳು.

"ಇಬ್ರೂ ಸುಟ್ಟು ಬೂದಿಯಾಗ್ತಿದ್ವಲ್ಲೋ ಮಗನೇ! ಇನ್ಮೇಲೆ ಆ ಘಾಟು ವಾಸ್ನೆ ಬಂತೋ, ಮೊದ್ಲು ಬಂದ್ ಮಾಡು! ಕಿಟಕಿ ತೆಗಿ! ಕಡ್ಡಿ ಗೀರಬ್ಯಾಡ, ಸ್ವಿಚ್ಚು ಮುಟ್ಟಬ್ಯಾಡ! ಎಲ್ರನ್ನೂ ಹೊರಕ್ಕಟ್ಟು! ಯಾರು ಏನಂದ್ರೂ ಕೇಳಬ್ಯಾಡ!"

"ತಿಳೀತು ಕಣವ್ವ!"

ಈ ಸಲ ಅವಳಿಗೆ ನಂಬಿಕೆಯೇ ಹೋಗಿತ್ತು. "ಬರಕ್ಕಾಗಲ್ಲ ಭಾಗ್ಯ" ಎಂದು ಫೋನಿನಲ್ಲಿ ಅತ್ತಳು. ಆ ಕಡೆ ಮಗಳೂ ಅತ್ತಳು.

ಮೂರನೆಯ ದಿನ ಬೆಳಿಗ್ಗೆ ಎದುರುಮನೆಯಲ್ಲಿ ಗಲಾಟೆಯೋ ಗಲಾಟೆ. ಚಿಕ್ಕತಾಯಮ್ಮ ಎದೆ ಹಿಡಿದುಕೊಂಡು ಓಡಿದಳು. ನೋಡಿದರೆ ಹೊನ್ನಗಂಗ ಪುಟ್ಟಶಾಮಯ್ಯನವರ ಅಡುಗೆಮನೆಗೆ ನುಗ್ಗಿ ಸಿಲಿಂಡರ್ ಬಂದ್ ಮಾಡಿದ್ದಾನೆ, ಕಿಟಕಿಯೆಲ್ಲ ತೆಗೆದಿದ್ದಾನೆ! ಮನೆಮಂದಿಯನ್ನೆಲ್ಲ ಬೀದಿಗೆ ಅಟ್ಟಿ, ಎದ್ದು ನಡೆಯಲಾರದ ಅಜ್ಜಿಯನ್ನು ಮಂಚದ ಸಮೇತ ಹೊತ್ತು ತಂದಿದ್ದಾನೆ! ಪುಟ್ಟಶಾಮಯ್ಯನವರು ಲೈಟು ಹಾಕಿ ನೋಡಲು ಹೊರಟರೆ ಅವರನ್ನೂ ಎತ್ತಿ ಬೀದಿಗಿಟ್ಟಿದ್ದಾನೆ!

"ತಲೆ ಕೆಟ್ಟಿದ್ಯೇನೋ ನಿಂಗೆ?" ಪುಟ್ಟಶಾಮಯ್ಯನವರು ಕೂಗಾಡಿದರು.

"ಯಾರು ಏನಂದ್ರೂ ಕೇಳಬ್ಯಾಡ ಅಂದವ್ಳೆ ನಮ್ಮವ್ವ!"

ಗ್ಯಾಸಿನ ಮೆಕ್ಯಾನಿಕ್ ಬಂದು ನೋಡಿದ. ಇಲಿ ಪೈಪು ಕಡಿದು ತೂತು ಮಾಡಿತ್ತು. "ಲೈಟಿನ ಸ್ವಿಚ್ಚು ಒತ್ತಿದ್ದಿದ್ರೆ ನೀವ್ಯಾರೂ ಉಳೀತಿರ್ಲಿಲ್ಲ ಸ್ವಾಮಿ" ಎಂದ.

ಪುಟ್ಟಶಾಮಯ್ಯನವರು ಹೊನ್ನಗಂಗನ ಕೈ ಹಿಡಿದುಕೊಂಡು ಗಳಗಳ ಅತ್ತರು. "ಚಿಕ್ಕತಾಯಮ್ಮ, ನೀನು ನಿಶ್ಚಿಂತೆಯಾಗಿ ಹೋಗಿ ಬಾ. ಇವ್ನ ಮನೆಗೆ ಏನೂ ಆಗಲ್ಲ. ನಮ್ಮನೇಗೂ ಆಗಲ್ಲ!"

ಅವ್ವ ಅವತ್ತೇ ಗಂಟು ಕಟ್ಟಿದಳು. ಬಾಣಂತಿ ಖಾರಕ್ಕೆ ಮೆಣಸು, ಬೆಳ್ಳುಳ್ಳಿ, ಅರ್ಧ ಸೇರು ಗಟ್ಟಿ ಇಂಗು. ಅರಸೀಕೆರೆ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಅವಳು ಗಂಟು ತಬ್ಬಿಕೊಂಡು ಒಂಟಿಕಾಲಲ್ಲಿ ನಿಂತಳು. ಬೀಳ್ಕೊಡಲು ಬಂದ ಹೊನ್ನಗಂಗ ಬಾಗಿಲಲ್ಲಿ ಮೂಗು ಅರಳಿಸಿದ.

ಘಾಟು ವಾಸ್ನೆ!

ನುಗ್ಗಿದ! ಡ್ರೈವರ್ ಮುಂದೆ ಕೈ ಹಾಕಿ ಕೀ ತಿರುಗಿಸಿ ಇಂಜಿನ್ ಬಂದ್ ಮಾಡಿದ! ಕಿಟಕಿಗಳನ್ನೆಲ್ಲ ತೆಗೆದ! "ಯಾರೂ ಬೀಡಿ ಹಚ್ಚಬ್ಯಾಡಿ! ಇಳೀರಿ, ಇಳೀರಿ!" ಎಂದು ಅರವತ್ತು ಜನರನ್ನು ದಬದಬ ಇಳಿಸಿದ!

ವಾಸನೆ ತನ್ನ ಗಂಟಿನ ಇಂಗಿನದೆಂದು ಗೊತ್ತಿದ್ದ ಅವ್ವ ಮಾತ್ರ ಇಳಿಯಲಿಲ್ಲ. ಬಸ್ಸು ಪೂರಾ ಖಾಲಿ. ಮುಂದಿನ ಕಿಟಕಿ ಸೀಟಿನಲ್ಲಿ ಗಂಟಿಟ್ಟುಕೊಂಡು ಆರಾಮಾಗಿ ಕೂತಳು.

"ಯಾರ್ರೀ ಇವ್ನು? ಯಾರ ಮಗ ಇವ್ನು?" ಕಂಡಕ್ಟರ್ ಕೆಳಗೆ ನಿಂತು ಕಿರುಚಿದ.

ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡು ಕಿಟಕಿಯಿಂದ ಇಡೀ ತಲೆ ಹೊರಗೆ ಹಾಕಿದಳು.

"ನನ್ನ ಮಗ ಕಣಪ್ಪ! ನನ್ನ ಮಗ!"