ಹೊಟ್ಟೆ ತುಂಬದ ಮೀನು

“ಗುರುಗಳೇ, ಇದರ ಹೊಟ್ಟೆ ತುಂಬುವುದು ಯಾವಾಗ?” ಎಂದು ಶಿಷ್ಯ ಕೇಳಿದ.

ಕೇಳುವಾಗ ಅವನು ತಲೆ ಎತ್ತಲಿಲ್ಲ. ಕೈಯಲ್ಲಿ ಮೊಬೈಲ್ ಇತ್ತು. ಮೊಬೈಲಿನಲ್ಲಿ ಒಂದು ಆಟ, ಆಟದಲ್ಲಿ ಒಂದು ಸಮುದ್ರ, ಸಮುದ್ರದಲ್ಲಿ ಒಂದು ಮೀನು.

ಗುರುಗಳು ಒಣಮೀನಿನ ಸಗಟು ವ್ಯಾಪಾರದಲ್ಲಿ ತಲೆ ನರೆಸಿಕೊಂಡವರು. ಸ್ವಂತ ಅಂಗಡಿ ಹಿಡಿಯುವ ಮೊದಲು ಅವರ ಬಳಿ ಒಂದು ವರ್ಷ ಕೂತು ಕಲಿಯುವುದು ಆ ಬಂದರಿನಲ್ಲಿ ರೂಢಿ. ಶಿಷ್ಯ ಉಮಾನಾಥನೂ ಹಾಗೆ ಬಂದವನು. ಮನೆಯವರು ಹೆಣ್ಣು ನೋಡುತ್ತಿರುವ ವಯಸ್ಸು ಅವನದು. ಆ ದಿನ ಅವನಿಗೆ ಒಪ್ಪಿಸಿದ್ದ ಕೆಲಸ ಒಂದೇ. ಅಂಗಳದ ಚಾಪೆಗಳ ಮೇಲೆ ಬಂಗುಡೆ ಮೀನು ಒಣಗಲು ಹಾಕಿದ್ದರು. ಕಾಗೆ ಎತ್ತಿಕೊಂಡು ಹೋಗದಂತೆ ಅದನ್ನು ಕಾಯಬೇಕು.

“ಕಾಗೆ!” ಎಂದರು ಗುರುಗಳು.

“ಹಾಂ, ನೋಡುತ್ತಾ ಇದ್ದೇನೆ,” ಎಂದ ಶಿಷ್ಯ.

ಕಾಗೆ ಒಂದು ಬಂಗುಡೆ ಕಚ್ಚಿಕೊಂಡು ಹೆಂಚಿನ ಮಾಡಿನ ಮೇಲೆ ಹೋಗಿ ಕೂತಿತು.

“ಮೊದಲು ಇದು ಬೆರಳುದ್ದ ಇತ್ತು ಗುರುಗಳೇ,” ಎಂದು ಶಿಷ್ಯ ಮುಂದುವರಿಸಿದ. “ಸಿಕ್ಕಿದ ಸಣ್ಣಪುಟ್ಟದ್ದು ತಿಂದುಕೊಂಡು ಆರಾಮವಾಗಿ ಸುತ್ತುತ್ತಿತ್ತು. ತಿಂದ ಹಾಗೆ ಬೆಳೆಯಿತು. ಈಗ ಆಮೆ ತಿನ್ನುತ್ತದೆ, ದೋಣಿ ತಿನ್ನುತ್ತದೆ, ದಡದಲ್ಲಿ ಮೀಯುತ್ತಿದ್ದ ಒಬ್ಬ ಮನುಷ್ಯನನ್ನೂ ತಿಂದಿತು. ಆದರೆ ಮೇಲ್ಗಡೆ ಹಸಿವಿನ ಗೆರೆ ಅಂತ ಒಂದು ಉಂಟು. ಮೀನು ಸಣ್ಣದಿದ್ದಾಗ ಆ ಗೆರೆ ಮೆಲ್ಲಗೆ ಇಳಿಯುತ್ತಿತ್ತು. ಈಗ ಎರಡು ಉಸಿರು ಬಿಡುವಷ್ಟರಲ್ಲಿ ಖಾಲಿ. ತಿನ್ನುವುದು ನಿಲ್ಲಿಸಿದರೆ ಸಾಯುತ್ತದೆ. ದೊಡ್ಡದಾದ ಮೇಲೆ ಸುಖವಾಗಿರಬೇಕಲ್ಲ? ಇನ್ನೂ ದೊಡ್ಡದೊಂದು ಗಾತ್ರ ಉಂಟಂತೆ. ಅದನ್ನು ಮುಟ್ಟಿದರೆ ಸಾಕಾಗಬಹುದಾ?”

ಗುರುಗಳು ಎದ್ದರು. ತಾವೇ ಒಂದು ಕಲ್ಲು ಹೆಕ್ಕಿ ಕಾಗೆಯತ್ತ ಬೀಸಿದರು. ಮತ್ತೆ ಬಂದು ಕೂತರು.

“ನಿನ್ನ ಮೀನಿನ ವಿಷಯ ನನಗೆ ಗೊತ್ತಿಲ್ಲ ಮಾರಾಯ. ಅಂಗಳದ ಮೀನಿನ ವಿಷಯ ಗೊತ್ತು. ಅದು ಬೆಳೆಯುತ್ತಾ ಇಲ್ಲ, ಕರಗುತ್ತಾ ಉಂಟು. ಒಂದು ಕತೆ ಹೇಳುತ್ತೇನೆ. ಕಣ್ಣು ಅಲ್ಲೇ ಇರಲಿ, ಕಿವಿಯನ್ನಾದರೂ ಈಚೆ ಕೊಡು.”

ಕತೆ ಇದು.

ಒಂದು ಊರಿನಲ್ಲಿ ಒಬ್ಬ ಬಲೆಯೊಡೆಯನಿದ್ದ. ಅವನದು ದಡದಿಂದ ಎಳೆಯುವ ಬಲೆ. ದೋಣಿಯಲ್ಲಿ ಬಲೆಯನ್ನು ಒಯ್ದು ಮೀನಿನ ಹಿಂಡಿನ ಸುತ್ತ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತವರು ಎಳೆಯುತ್ತಾರೆ. ಆ ದಡದಲ್ಲಿ ಒಂದು ಕಟ್ಟಳೆ ಇತ್ತು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಕೊಡಬೇಕು. ಹೆಂಗಸೋ ಮುದುಕನೋ ಎಂದು ನೋಡುವಂತಿಲ್ಲ. ಒಮ್ಮೆ ಕೈ ಹಾಕಿದವರನ್ನು ಹಗ್ಗದಿಂದ ಬಿಡಿಸುವಂತೆಯೂ ಇಲ್ಲ. ಬಿಡುವುದಾದರೆ ಅವರೇ ಬಿಡಬೇಕು.

ಬಲೆ ಆ ಕೇರಿಯ ಅಳತೆಗೆ ಸರಿಯಾಗಿತ್ತು. ಕೇರಿಯ ಕೈಗಳು ಅದನ್ನು ಎಳೆಯಲು ಸಾಕು, ಅದರ ಮೀನು ಕೇರಿಯ ಒಲೆಗಳಿಗೆ ಸಾಕು. ಒಬ್ಬ ಬಂಡೆಯ ಮೇಲೆ ನಿಂತು ನೀರು ನೋಡುತ್ತಿದ್ದ. ಹಿಂಡು ಕಂಡರೆ ವಸ್ತ್ರ ಬೀಸುತ್ತಿದ್ದ. ಆಗ ಬಲೆ ಇಳಿಯುತ್ತಿತ್ತು. ಹಿಂಡು ಕಾಣದ ದಿನ ಬಲೆಯನ್ನು ಒಣಗಿಸಿ ಎಲ್ಲರೂ ಮಲಗುತ್ತಿದ್ದರು. ಅರ್ಧ ಬಲೆ ಮೀನು ಬಂದ ದಿನವೂ ಎಲ್ಲರ ಮನೆಯಲ್ಲಿ ಸಾರಿನ ವಾಸನೆ ಬರುತ್ತಿತ್ತು.

ಬಲೆಯೊಡೆಯನಿಗೆ ಒಂದೇ ಕೊರಗು. ಪ್ರತಿ ಸಲವೂ ಹಿಂಡಿನ ಒಂದು ಭಾಗ ಬಲೆಯ ತುದಿಯನ್ನು ಸುತ್ತಿಕೊಂಡು ಪಾರಾಗುತ್ತಿತ್ತು. ಸಿಕ್ಕಿದ ಮೀನನ್ನು ಅವನು ನೋಡುತ್ತಿರಲಿಲ್ಲ. ಪಾರಾದ ಮೀನನ್ನು ನೋಡುತ್ತ ನಿಲ್ಲುತ್ತಿದ್ದ.

ಊಟಕ್ಕೆ ಕೂತಾಗಲೂ ಅದೇ ಮಾತು. ಹೆಂಡತಿಗೆ ಕೇಳಿ ಕೇಳಿ ಸಾಕಾಯಿತು.

“ತಟ್ಟೆಯಲ್ಲಿ ಇರುವುದನ್ನು ಉಣ್ಣಿ,” ಎಂದಳು. “ಓಡಿಹೋದ ಮೀನಿಗೆ ಎಷ್ಟು ಖಾರ ಅರೆಯಬೇಕು ಅಂತ ಆಮೇಲೆ ಹೇಳಿ.”

ಅವನು ನಗಲಿಲ್ಲ. ಮರುದಿನ ಬಲೆಯ ತುದಿಗೆ ಹೊಸ ತುಂಡು ಹೊಲಿಸಿದ.

ಬಲೆ ಉದ್ದವಾಯಿತು. ಭಾರವೂ ಆಯಿತು. ಕೇರಿಯ ಕೈಗಳು ಸಾಲಲಿಲ್ಲ. ಅವನು ಆಚೆ ಕೇರಿಗೆ ಹೋಗಿ ಜನ ಕರೆದ. ಅವರು ಬಂದು ಹಗ್ಗಕ್ಕೆ ಕೈ ಹಾಕಿದರು. ಆ ದಿನ ಬುಟ್ಟಿ ಸಾಲದಷ್ಟು ಮೀನು ಬಂತು. ಹೆಂಗಸರು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಬಲೆಯೊಡೆಯ ಹೆಂಡತಿಯ ಮುಂದೆ ಎರಡು ಸಲ ಓಡಾಡಿದ. ಅವಳು ತಲೆ ಎತ್ತದೆ ಖಾರ ಅರೆದಳು.

ಸ್ವಲ್ಪ ದಿನ ಕಳೆದ ಮೇಲೆ ಅರ್ಧ ಬಲೆಯ ದಿನ ಬಂತು. ಮೊದಲು ಅದು ಸಾರಿನ ದಿನ. ಈಗ ಜಗಳದ ದಿನ. ಪಾಲುಗಾರರು ಎರಡು ಕೇರಿಯವರು, ಮೀನು ಒಂದು ಕೇರಿಯದಷ್ಟೇ. ಬಲೆಯೊಡೆಯ ಯೋಚಿಸಿದ. ಜನ ಹೆಚ್ಚಾಗಿದ್ದಾರೆ, ಆದ್ದರಿಂದ ಬಲೆ ಇನ್ನೂ ಉದ್ದವಾಗಬೇಕು. ಇನ್ನೊಂದು ತುಂಡು ಹೊಲಿಸಿದ.

ಆ ಬಲೆಯನ್ನು ಹಳೆಯ ದೋಣಿ ಹೊರಲಿಲ್ಲ. ದೊಡ್ಡ ದೋಣಿ ಬಂತು. ದೊಡ್ಡ ದೋಣಿಗೆ ಹೆಚ್ಚು ಹುಟ್ಟು ಹಾಕುವವರು ಬಂದರು. ಉದ್ದದ ಬಲೆ ದಿನವೂ ಹತ್ತು ಕಡೆ ಹರಿಯುತ್ತಿತ್ತು. ಅದನ್ನು ಹೆಣೆಯಲು ಹೆಂಗಸರು ಮಧ್ಯಾಹ್ನವಿಡೀ ಕೂರಬೇಕಾಯಿತು. ಹೆಣೆದವರಿಗೂ ಪಾಲು. ಎಳೆಯುವ ಕೈ ಮತ್ತೆ ಕಡಿಮೆ ಬಿತ್ತು. ಮೂರನೆಯ ಕೇರಿಗೆ ಕರೆ ಹೋಯಿತು. ಆ ಕೇರಿಯವರಿಗೆ ತಮ್ಮದೇ ಸಣ್ಣ ಬಲೆಗಳಿದ್ದವು. “ಅದನ್ನು ಕಟ್ಟಿಕೊಂಡು ಏನು ಮಾಡುತ್ತೀರಿ? ನನ್ನ ಹಗ್ಗ ಹಿಡಿಯಿರಿ,” ಎಂದ ಬಲೆಯೊಡೆಯ. ಅವರು ತಮ್ಮ ಬಲೆಗಳನ್ನು ತುಂಡು ಮಾಡಿ ಬಾಳೆಗಿಡಕ್ಕೆ ಬೇಲಿ ಕಟ್ಟಿದರು.

“ಆಮೇಲೆ ಬಂಡೆಯ ಮೇಲಿನವನ ಕೆಲಸ ಹೋಯಿತು,” ಎಂದರು ಗುರುಗಳು.

“ಯಾಕೆ?” ಎಂದ ಶಿಷ್ಯ. ಅವನ ಮೀನು ಒಂದು ಹಡಗನ್ನು ಕಚ್ಚುತ್ತಿತ್ತು.

“ಹಿಂಡು ಕಂಡರೂ ಬಲೆ ಹಾಕಬೇಕು, ಕಾಣದಿದ್ದರೂ ಹಾಕಬೇಕು. ಅಷ್ಟು ಜನ ದಡದಲ್ಲಿ ನಿಂತಿದ್ದಾರೆ. ಅವರಿಗೆ ಇವತ್ತು ಮಲಗಿ ಅನ್ನುವುದು ಹೇಗೆ? ನೋಡುವವನು ಯಾಕೆ ಬೇಕು? ಇಲ್ಲೂ ಹಾಗೇ ಆಗಿದೆ, ಕಾಯುವವನಿದ್ದೂ ಕಾಗೆ ತಿನ್ನುತ್ತಾ ಉಂಟು. ಹುಶ್!”

ಕಾಗೆ ಹಾರಿತು. ಇನ್ನೊಂದು ಬಂದು ಕೂತಿತು. ಗುರುಗಳು ಉಸಿರು ಬಿಟ್ಟು ಕತೆಗೆ ಮರಳಿದರು.

ಬಲೆ ಬೆಳಿಗ್ಗೆ ಇಳಿಯಿತು, ಸಂಜೆ ಇಳಿಯಿತು. ಒಣಗುವುದಕ್ಕೆ ಅದಕ್ಕೆ ಹೊತ್ತು ಸಿಗಲಿಲ್ಲ. ಒದ್ದೆ ಬಲೆ ಬೇಗ ಕೊಳೆಯಿತು. ಕೊಳೆತಷ್ಟನ್ನೂ ಮತ್ತೆ ಹೆಣೆಯಬೇಕಾಯಿತು. ದೊಡ್ಡ ಮೀನು ಕಡಿಮೆಯಾಯಿತು. ಮೊದಲು ಮರಿಮೀನು ಬಂದರೆ ಬೊಗಸೆಯಲ್ಲಿ ಎತ್ತಿ ನೀರಿಗೆ ಬಿಡುತ್ತಿದ್ದರು. ಈಗ ಅದನ್ನೇ ಪಾಲು ಮಾಡಿದರು.

ಒಂದು ದಿನ ಪೇಟೆಯಿಂದ ಒಬ್ಬ ವ್ಯಾಪಾರಿ ಮೀನು ಕೊಳ್ಳಲು ಬಂದ. ರಾಶಿಯಲ್ಲಿ ಕೈಯಾಡಿಸಿದ. ಬೆರಳಿನ ಸಂದಿನಿಂದ ಮರಿಮೀನು ಜಾರಿ ಬಿದ್ದವು.

“ಇದನ್ನು ಕೊಳ್ಳುವುದು ಹೇಗೆ ಒಡೆಯಾ? ಇದು ಬರುವ ವರ್ಷದ ಮೀನು.”

“ನನಗೂ ಗೊತ್ತು. ಬೇರೆ ದಾರಿ ಇಲ್ಲ.”

“ದಾರಿ ಉಂಟಲ್ಲ. ಬಲೆಯನ್ನು ಕತ್ತರಿಸು.”

“ಎಲ್ಲಿ ಕತ್ತರಿಸಲಿ?”

“ಎಲ್ಲಿ ಹೊಲಿಸಿದೆಯೋ ಅಲ್ಲಿ. ಇದನ್ನೂ ನಾನೇ ಹೇಳಿಕೊಡಬೇಕಾ?”

ವ್ಯಾಪಾರಿ ಬರಿಗೈಯಲ್ಲಿ ಹೋದ. ಬಲೆಯೊಡೆಯ ಮನೆಗೆ ಹೋಗಿ ಚೂರಿ ಮಸೆದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಬಹಳ ದಿನಗಳ ಮೇಲೆ ಅವಳು ಅವನಿಗೆ ಎರಡು ಸೌಟು ಹೆಚ್ಚು ಬಡಿಸಿದಳು.

ಮರುದಿನ ಬೆಳಿಗ್ಗೆ ಅವನು ಚೂರಿ ಹಿಡಿದು ದಡಕ್ಕೆ ಬಂದ. ಬಲೆ ಮರಳಿನ ಮೇಲೆ ಹರಡಿತ್ತು. ಅದರ ಉದ್ದಕ್ಕೂ ಜನ ನಿಂತಿದ್ದರು.

ಅವನು ಮೊದಲು ಕೊನೆಯ ತುಂಡಿನ ಹತ್ತಿರ ಹೋದ. ಅಲ್ಲಿ ಮೂರನೆಯ ಕೇರಿಯವರಿದ್ದರು. ಅವರಲ್ಲಿ ಒಬ್ಬ ಹೇಳಿದ:

“ನಾವಾಗಿ ಬಂದವರಲ್ಲ, ನೀನು ಕರೆದೆ. ನಮ್ಮ ಬಲೆಗಳು ಈಗ ಬೇಲಿಯಲ್ಲಿವೆ. ಕತ್ತರಿಸುವುದಾದರೆ ನಮ್ಮಿಂದ ಆಚೆ ಕತ್ತರಿಸು.”

ಅವರಿಂದ ಆಚೆ ಸಮುದ್ರ ಬಿಟ್ಟರೆ ಏನೂ ಇರಲಿಲ್ಲ.

ಅವನು ನಡುವಿನ ತುಂಡಿಗೆ ಬಂದ. ಅಲ್ಲಿ ಎರಡನೆಯ ಕೇರಿಯ ಹೆಣೆಯುವ ಹೆಂಗಸರಿದ್ದರು. “ಹರಿದದ್ದನ್ನು ಇಷ್ಟು ದಿನ ಕೂಡಿಸಿದ್ದು ನೀನು ಕತ್ತರಿಸಲಿ ಅಂತಲಾ?” ಎಂದು ಅವರು ಕೇಳಿದರು. “ನಮ್ಮಿಂದ ಆಚೆ ಕತ್ತರಿಸು.”

ಅವನು ಮೊದಲ ತುಂಡಿಗೆ ಬಂದ. ಅಲ್ಲಿ ಅವನದೇ ಕೇರಿಯವರಿದ್ದರು. ಹುಟ್ಟಿದಂದಿನಿಂದ ಅವನು ಕಂಡ ಮುಖಗಳು. ಹಲ್ಲಿಲ್ಲದ ಒಬ್ಬ ಮುದುಕಿ ಹಗ್ಗವನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ಎಳೆಯುವ ಶಕ್ತಿ ಅವಳಿಗಿರಲಿಲ್ಲ. ಹಿಡಿಯುವ ಶಕ್ತಿ ಇತ್ತು.

“ಕತ್ತರಿಸು ಮಗಾ, ಖಂಡಿತ ಕತ್ತರಿಸು,” ಎಂದಳು ಮುದುಕಿ. “ಮೊದಲಿನ ಬಲೆಯೇ ಚೆನ್ನಾಗಿತ್ತು. ನನ್ನಿಂದ ಸ್ವಲ್ಪ ಆಚೆ ಕತ್ತರಿಸು.”

ಬಲೆ ದೊಡ್ಡದಾಯಿತೆಂದು ಎಲ್ಲರೂ ಒಪ್ಪಿದರು. ಕತ್ತರಿಸಬಾರದೆಂದು ಒಬ್ಬರೂ ಹೇಳಲಿಲ್ಲ. ಎಲ್ಲರೂ ಆಚೆಯವರತ್ತ ಕೈ ತೋರಿಸಿದರು. ಅವನು ಬಲೆಯ ಉದ್ದಕ್ಕೂ ಹೋದ, ಮತ್ತೆ ಬಂದ. ಚೂರಿ ಇಡಲು ಒಂದು ಗೇಣು ಜಾಗ ಸಿಗಲಿಲ್ಲ.

ಅಷ್ಟರಲ್ಲಿ ದೋಣಿಯವನು ಕೂಗಿದ. “ಹೊತ್ತಾಯಿತು ಒಡೆಯಾ! ಬಲೆ ದೋಣಿಗೆ ಹತ್ತಿಸಲಾ, ಬೇಡವಾ?”

ಎಲ್ಲರೂ ಅವನನ್ನು ನೋಡಿದರು. ಎಲ್ಲರ ಪಕ್ಕದಲ್ಲೂ ಖಾಲಿ ಬುಟ್ಟಿ ಇತ್ತು.

ಅವನು ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿದ. “ಹತ್ತಿಸು,” ಎಂದ. ತಾನೂ ಹೋಗಿ ಹಗ್ಗಕ್ಕೆ ಕೈ ಹಾಕಿದ.

ಆ ದಿನ ಬಲೆಯಲ್ಲಿ ಪಾಚಿ ಬಂತು, ಅಂಬಲಿಯಂಥ ಲೋಳೆಮೀನು ಬಂತು, ಒಂದಿಷ್ಟು ಮರಿ ಬಂತು. ಪಾಲು ಮಾಡಿದಾಗ ಒಬ್ಬೊಬ್ಬರಿಗೆ ಒಂದು ಹಿಡಿ. ಅವನು ತನ್ನ ಹಿಡಿಯನ್ನು ಮನೆಗೆ ತಂದು ಹೆಂಡತಿಯ ಮುಂದೆ ಇಟ್ಟ. ಅವಳು ಅದನ್ನು ನೋಡಿದಳು, ಅವನ ಸೊಂಟದ ಚೂರಿಯನ್ನೂ ನೋಡಿದಳು.

“ಇಷ್ಟಕ್ಕೆ ಖಾರ ಅರೆಯುವುದಿಲ್ಲ,” ಎಂದು ಹೇಳಿ ಒಲೆ ಆರಿಸಿದಳು.

ಆ ದಡದಲ್ಲಿ ಈಗಲೂ ದಿನಕ್ಕೆ ಎರಡು ಸಲ ಆ ಬಲೆ ಇಳಿಯುತ್ತದೆ. ಕೇರಿಗಳು ಮೂರೂ ಹಗ್ಗ ಹಿಡಿದೇ ಇವೆ. ಯಾರೂ ಕೈ ಬಿಟ್ಟಿಲ್ಲ, ಯಾರ ಹೊಟ್ಟೆಯೂ ತುಂಬಿಲ್ಲ. ಮುದುಕಿ ತೀರಿಹೋದಳು. ಅವಳ ಜಾಗದಲ್ಲಿ ಅವಳ ಸೊಸೆ ನಿಂತಿದ್ದಾಳೆ.

ಗುರುಗಳು ಕತೆ ಮುಗಿಸಿದರು. ಅಂಗಳದ ಒಂದು ಚಾಪೆ ಆಗಲೇ ಬರಿದಾಗಿತ್ತು.

ಶಿಷ್ಯನಿಗೆ ಬಲೆಯೊಡೆಯನ ಮೇಲೆ ಮರುಕ ಹುಟ್ಟಿತು.

“ಪಾಪ, ಅವನದೇನು ತಪ್ಪು ಗುರುಗಳೇ? ಹೊಲಿಸಿದ್ದು ತಪ್ಪಿರಬಹುದು. ಆದರೆ ಆಮೇಲೆ ಬಿಡುವುದು ಹೇಗೆ? ಅಷ್ಟು ಜನರ ಅನ್ನ ಅದರಲ್ಲಿತ್ತು. ಎದುರಿಗೆ ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಯಾರ ಕೈ ಬಿಡಿಸುತ್ತಾನೆ ಅವನು?”

“ಅದು ಸರಿ,” ಎಂದರು ಗುರುಗಳು. “ಅವನಿಗೆ ಬಿಡಲಾಗಲಿಲ್ಲ. ಅದಕ್ಕೊಂದು ಕಾರಣವಾದರೂ ಇತ್ತು.”

ಶಿಷ್ಯನಿಗೆ ಸಮಾಧಾನವಾಯಿತು. ಹೆಬ್ಬೆರಳು ಆಡಿಸುತ್ತಲೇ ನಕ್ಕ.

“ನೀವು ಏನು ಹೇಳಲು ಹೊರಟಿದ್ದೀರಿ ಅಂತ ತಿಳಿಯಿತು ಗುರುಗಳೇ. ಆದರೆ ಆ ಬಲೆಗೂ ನನ್ನ ಮೀನಿಗೂ ಹೋಲಿಕೆ ಇಲ್ಲ. ಇದು ಆಟ. ಇದರ ಹಗ್ಗ ಹಿಡಿದು ಯಾರೂ ನಿಂತಿಲ್ಲ. ಇದು ಸತ್ತರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ನಾನು ಬೇಕೆಂದಾಗ ಕೆಳಗಿಡಬಹುದು.”

“ಹಾಗಾದರೆ ಇಡು ಮಾರಾಯ,” ಎಂದರು ಗುರುಗಳು.

ಶಿಷ್ಯನ ಹೆಬ್ಬೆರಳು ನಿಲ್ಲಲಿಲ್ಲ.